ಹೆಸರು ಬದಲಿಸುವ ಮೊದಲು, ಮಾಸ್ತಪ್ಪ

ಕುಮಟಾ

ಪ್ರೀತಿಯ ಮಾಸ್ತಪ್ಪ,

ನಿನ್ನ ಪತ್ರ ತಲುಪಿತು. ವಕೀಲರನ್ನು ಕಂಡು ಬಂದೆ, ಅಫಿಡವಿಟ್ ಸಿದ್ಧವಾಗಿದೆ, ಇನ್ನು ಪತ್ರಿಕೆಯಲ್ಲಿ ಒಂದು ಪ್ರಕಟಣೆ, ಆಮೇಲೆ ಗೆಜೆಟ್, ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಂದು ಸಾಲಾಗಿ ಬರೆದು, ‘ಮಹೇಶ ಅಂತ ಇಟ್ಕೊಳ್ತಿದ್ದೇನೆ, ನೀನೆಂತ ಹೇಳ್ತೆ?’ ಎಂದು ಕಡೆಯಲ್ಲಿ ಕೇಳಿದ್ದೀಯ. ಕೇಳದೇ ಹೋಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಕೇಳಿದ್ದೀಯಲ್ಲ, ಮನಸ್ಸಿನಲ್ಲಿರುವುದನ್ನು ಪೂರ್ತಿ ಬರೆಯುತ್ತೇನೆ. ನಮ್ಮ ಜೊತೆ ಓದಿದವರೂ ನೋಡಲಿ ಎಂದು ನೀನೇ ಅಂದಿದ್ದರಿಂದ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ಪುಣೆಯ ಆಫೀಸಿನಲ್ಲಿ ಇಷ್ಟು ವರ್ಷ ನೀನು ಪಟ್ಟ ಮುಜುಗರ ನನಗೆ ಅರ್ಥವಾಗುತ್ತದೆ. ನಿನ್ನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ತಕ್ಷಣ ಮೊದಲ ದೀರ್ಘ ಬಿದ್ದುಹೋಗುತ್ತದೆ. ಮರಾಠಿ ಕಿವಿಗೂ ಹಿಂದಿ ಕಿವಿಗೂ ಉಳಿಯುವುದು ‘ಮಸ್ತ್’ ಒಂದೇ. ಹೊಸದಾಗಿ ಕೆಲಸಕ್ಕೆ ಬಂದ ಪ್ರತಿ ಹುಡುಗನೂ ಅದನ್ನು ತಾನೇ ಕಂಡುಹಿಡಿದವನಂತೆ ಹೇಳಿ ನಗುವುದು, ನೀನು ಪ್ರತಿ ಸಲವೂ ನಕ್ಕಂತೆ ಮಾಡುವುದು. ಈಗ ಮಗ ಹೊರದೇಶಕ್ಕೆ ಹೋಗುವವನು. ಮಹಾರಾಷ್ಟ್ರದ ಪದ್ಧತಿಯಂತೆ ಅವನ ಹೆಸರಿನ ನಡುವೆ ಅಪ್ಪನ ಹೆಸರು ಬರುತ್ತದೆ. ‘ಪಪ್ಪಾ, ಇದರ ಅರ್ಥ ಏನಂತ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?’ ಎಂದು ಅವನು ಕೇಳಿದಾಗ ನಿನ್ನ ಬಳಿ ಉತ್ತರವಿರಲಿಲ್ಲ ಎಂದು ಬರೆದಿದ್ದೀಯ. ಆ ಸಾಲೇ ನನ್ನನ್ನು ಹಿಡಿದು ನಿಲ್ಲಿಸಿತು. ಗೆಜೆಟ್ಟಿನ ವಿಚಾರ ಆಮೇಲೆ ನೋಡೋಣ. ಮೊದಲು ಮಗನಿಗೆ ಉತ್ತರ ಬೇಕು.

ಮಾಸ್ತಿ ಎಂದರೆ ಮಹಾಸತಿ. ಗಂಡನ ಚಿತೆಯಲ್ಲಿ ಬೆಂದುಹೋದ ಹೆಣ್ಣು. ಬನವಾಸಿ ಕಡೆ, ಸೋಂದಾ ಕಡೆ, ನಮ್ಮ ಭಟ್ಕಳ ಕಡೆ ವೀರಗಲ್ಲುಗಳ ಪಕ್ಕದಲ್ಲಿ ಮಾಸ್ತಿಕಲ್ಲುಗಳು ನಿಂತಿರುತ್ತವಲ್ಲ, ಕಂಬದಿಂದ ಹೊರಟ ಒಂದು ತೋಳು, ಮೊಣಕೈ ಮಡಿಸಿ ಮೇಲೆತ್ತಿದ ಕೈ, ಕೈತುಂಬ ಬಳೆ. ಬಳೆ ಒಡೆದಿಲ್ಲ, ಅವಳು ಮುತ್ತೈದೆಯಾಗಿಯೇ ಹೋದಳು ಎಂದು ಹೇಳುವ ಗುರುತು ಅದು. ಎಷ್ಟು ಜನ ತಾವಾಗಿ ಹೋದರು, ಎಷ್ಟು ಜನರನ್ನು ನೂಕಿದರು ಎಂದು ಕಲ್ಲು ಹೇಳುವುದಿಲ್ಲ. 1829ರಲ್ಲಿ ಬಂಗಾಳದಲ್ಲಿ, ಮರುವರ್ಷ ಮದರಾಸು ಪ್ರಾಂತ್ಯದಲ್ಲಿ ಸತಿ ಪದ್ಧತಿಯನ್ನು ಕಾನೂನಿನಿಂದ ನಿಲ್ಲಿಸಿದರು. ಆಗ ನಮ್ಮ ಜಿಲ್ಲೆಯೂ ಮದರಾಸಿಗೇ ಸೇರಿತ್ತು. ಆ ಕಲ್ಲುಗಳ ಮುಂದೆ ನಿಂತಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದನ್ನು ಮುಚ್ಚಿಟ್ಟು ನಿನ್ನ ಹೆಸರು ಬಹಳ ಪವಿತ್ರವಾದದ್ದು ಎಂದು ನಾನು ಹೇಳಲಾರೆ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಊರಿನವರು ಆ ಹೆಣ್ಣನ್ನು ಕಲ್ಲಿನಲ್ಲಿ ಬಿಡಲಿಲ್ಲ. ಹೂವು, ಕುಂಕುಮ, ಹಣ್ಣುಕಾಯಿ ತಂದರು, ಬಳೆ ಇಟ್ಟರು. ಅವಳು ಮಾಸ್ತಿಯಮ್ಮ ಆದಳು. ಮಕ್ಕಳಿಲ್ಲದವರು, ಮಕ್ಕಳು ಉಳಿಯದವರು ಅವಳಿಗೆ ಹರಕೆ ಹೇಳಿಕೊಂಡರು. ಹುಟ್ಟಿದ್ದು ಗಂಡಾದರೆ ದುರ್ಗೆಯಿಂದ ದುರ್ಗಪ್ಪ, ಎಲ್ಲಮ್ಮನಿಂದ ಎಲ್ಲಪ್ಪ ಆದ ಹಾಗೆ ಮಾಸ್ತಿಯಿಂದ ಮಾಸ್ತಪ್ಪ. ಬೆಂಕಿಗೆ ಕೊಟ್ಟ ಒಬ್ಬ ಹೆಣ್ಣು ಹೀಗೆ ಬದುಕಿಸುವ ತಾಯಿಯಾದಳು, ಅವಳ ಹೆಸರನ್ನು ಹೊತ್ತು ಗಂಡಸರು ಓಡಾಡಿದರು. ಶಿರಾಲಿಯಿಂದ ಮುರ್ಡೇಶ್ವರದವರೆಗೆ ಯಾವ ಕೇರಿಯಲ್ಲಿ ನಿಂತು ಕರೆದರೂ ಒಬ್ಬ ಮಾಸ್ತಪ್ಪ ತಿರುಗಿ ನೋಡುವ ಕಾಲ ಅದು, ನಿನಗೆ ನೆನಪಿದೆ. ನಿನ್ನ ಆಯಿ ಸಂಜೆ ಗದ್ದೆಯ ಅಂಚಿನಲ್ಲಿ ನಿಂತು ನಿನ್ನನ್ನು ಕೂಗುವಾಗ ಚಿತೆಯನ್ನು ನೆನೆದಿರಲಿಕ್ಕಿಲ್ಲ. ಅವಳಿಗೆ ಆ ಹೆಸರಿನ ಅರ್ಥ ನೀನೇ ಆಗಿದ್ದೆ. ಮಾಲೂರು ಕಡೆಯ ಮಾಸ್ತಿ ಎಂಬ ಊರಿನ ಹೆಸರು ಹೊತ್ತ ವೆಂಕಟೇಶ ಅಯ್ಯಂಗಾರ್ಯರಿಂದಾಗಿ ಕನ್ನಡ ಓದುವವರಿಗಂತೂ ಈ ಪದ ಕೇಳಿದರೆ ಸಣ್ಣಕತೆ ನೆನಪಾಗುತ್ತದೆ, ಸತಿ ಅಲ್ಲ.

ಬರೆಯುತ್ತ ಹೋದಂತೆ ನಮ್ಮ ತರಗತಿಯ ಹಾಜರಿ ಪುಸ್ತಕವೇ ಕಣ್ಣಿಗೆ ಬರುತ್ತಿದೆ. ತಿಪ್ಪಯ್ಯ, ಜಟ್ಟಪ್ಪ, ಈರಪ್ಪ, ಕುಪ್ಪಯ್ಯ, ಮಂಗ್ಳಿ, ಸುಕ್ರಿ. ಈಗಿನ ಶಾಲೆಯಲ್ಲಿ ಇವುಗಳಲ್ಲಿ ಒಂದೂ ಸಿಗುವುದು ಕಷ್ಟ. ತಿಪ್ಪಯ್ಯನ ಹೆಸರು ಹಿಡಿದು ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ಹೆಸರು ಎಲ್ಲಿಂದ ಬಂತು ಎಂದು ಯಾರಾದರೂ ಒಬ್ಬ ಮಾಸ್ತರರು ಅವತ್ತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಹುಟ್ಟಿದ ಕೂಸುಗಳು ಒಂದಾದ ಮೇಲೊಂದು ತೀರಿಹೋದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ, ಬೇರೆ ಯಾರದೋ ಕೈಯಿಂದ ಎತ್ತಿಸಿ ಮನೆಗೆ ತರುತ್ತಿದ್ದರು. ಇದು ನಮ್ಮ ಮಗುವಲ್ಲ, ಬಿಸಾಡಿದ್ದು, ಇದರ ಮೇಲೆ ಕಣ್ಣು ಹಾಕಬೇಡ ಎಂದು ಜವರಾಯನಿಗೆ ಹೇಳುವ ಉಪಾಯ. ಗುಂಡ, ಕಲ್ಲಪ್ಪ, ಘಟ್ಟದ ಮೇಲಿನ ಹುಚ್ಚಪ್ಪ, ಅಡಿವೆಪ್ಪ, ಹೀಗೆ ಯಾರಿಗೂ ಬೇಡದ ಹೆಸರುಗಳ ಹಿಂದೆ ಎಷ್ಟೋ ಸಲ ಇಂಥದೇ ಭಯ ಇರುತ್ತಿತ್ತು. ಒಳ್ಳೆಯ ಅರ್ಥದ ಹೆಸರು ಇಡಲೂ ಹೆದರುವಷ್ಟು ಪ್ರೀತಿ ಅದು, ಮಾಸ್ತಪ್ಪ. 1975ರ ನಂತರ ಸಿಡುಬು ನಮ್ಮ ದೇಶದಲ್ಲಿ ಕಾಣಲಿಲ್ಲ. ಲಸಿಕೆ ಬಂತು, ಹೆರಿಗೆಗೆ ಆಸ್ಪತ್ರೆ ಬಂತು, ಕೂಸು ಉಳಿಯುತ್ತದೆ ಎಂಬ ಧೈರ್ಯ ಬಂತು. ಆ ಧೈರ್ಯದ ಜೊತೆಗೇ ತಿಪ್ಪಯ್ಯ ಎಂಬ ಹೆಸರೂ ಹೊರಟುಹೋಯಿತು. ಅದು ಹೋದದ್ದಕ್ಕೆ ನನಗೆ ಬೇಸರವಿಲ್ಲ, ಸಂತೋಷವೇ ಇದೆ. ಅದನ್ನು ಹೊತ್ತವರನ್ನು ನೋಡಿ ನಗುವುದನ್ನು ಮಾತ್ರ ನನ್ನಿಂದ ಸಹಿಸಲಾಗುವುದಿಲ್ಲ.

ಸುಕ್ರಿಯ ಹೆಸರಿನ ವಿಚಾರ ಬೇರೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಹುಟ್ಟಿದ ವಾರವೇ ಹೆಸರು. ಸೋಮವಾರಕ್ಕೆ ಸೋಮ, ಸೋಮಿ, ಮಂಗಳವಾರಕ್ಕೆ ಮಂಗ್ಳಿ, ಬುಧವಾರಕ್ಕೆ ಬುದವಂತ, ಶುಕ್ರವಾರಕ್ಕೆ ಸುಕ್ರ, ಸುಕ್ರಿ. ಪಂಚಾಂಗದ ಪುಟವನ್ನು ಮಗುವಿನ ಮೈಮೇಲೆ ಬರೆದಂತೆ. ಪೇಟೆಯವರಿಗೆ ಇದು ‘ಹಳ್ಳಿ ಹೆಸರು’. ಶಾಲೆಗೆ ಸೇರಿಸುವಾಗ ಸುಕ್ರಿಯನ್ನು ಶಕುಂತಲಾ ಎಂದೋ ಸುಕನ್ಯಾ ಎಂದೋ ತಿದ್ದಿದ್ದನ್ನು ನಾವು ಕಂಡವರೇ. ಆಮೇಲೆ 2017ರಲ್ಲಿ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ ಪದ್ಮಶ್ರೀ ಬಂತು. ಅಕ್ಷರ ಕಲಿಯದ ಆ ಅಜ್ಜಿ ಸಾವಿರಾರು ಹಾಡುಗಳನ್ನು ಎದೆಯಲ್ಲಿ ಇಟ್ಟುಕೊಂಡಿದ್ದರು, ಊರಿನಲ್ಲಿ ಸಾರಾಯಿ ನಿಲ್ಲಿಸಲು ಹೋರಾಡಿದ್ದರು. ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಅದೇ ಪ್ರಶಸ್ತಿ ತೆಗೆದುಕೊಂಡರು. ಮೊದಲು ತುಳಸಿ, 2024ರ ಡಿಸೆಂಬರಿನಲ್ಲಿ, ಎರಡು ತಿಂಗಳಾಗುತ್ತಲೇ ಸುಕ್ರಜ್ಜಿ, ಇಬ್ಬರೂ ಹೋಗಿಬಿಟ್ಟರು. ಈಗ ನಮ್ಮ ಜಿಲ್ಲೆಯಲ್ಲಿ ಸುಕ್ರಿ ಎಂದರೆ ವಾರದ ಹೆಸರು ಯಾರಿಗೆ ನೆನಪಾಗುತ್ತದೆ ಹೇಳು? ಹಾಡು ನೆನಪಾಗುತ್ತದೆ. ಒಬ್ಬ ಮನುಷ್ಯಳು ಒಂದು ಹೆಸರಿನ ಅರ್ಥವನ್ನು ಬದಲಿಸಿಬಿಟ್ಟಳು, ಹೆಸರಿನ ಒಂದಕ್ಷರವನ್ನೂ ಬದಲಿಸದೆ.

ಚಿಟ್ಟಾಣಿಯನ್ನೇ ನೋಡು. ಅದು ಹೊನ್ನಾವರ ತಾಲೂಕಿನ ಒಂದು ಊರು. ಯಕ್ಷಗಾನದ ರಾಮಚಂದ್ರ ಹೆಗಡೆಯವರ ಹೆಸರಿನ ಮುಂದೆ ಕೂತ ಮೇಲೆ ಅದು ಮನುಷ್ಯನ ಹೆಸರಾಯಿತು. ‘ಇವತ್ತು ಚಿಟ್ಟಾಣಿ ಇದ್ದಾರಾ?’ ಎಂದು ಕೇಳಿ ನಿನ್ನಪ್ಪ ಆಟಕ್ಕೆ ಹೊರಡುತ್ತಿದ್ದುದು ನನಗೂ ಗೊತ್ತು. ಆಮೇಲೆ ಅದು ಒಂದು ಕುಣಿತದ, ಒಂದು ಅಭಿನಯದ ಹೆಸರಾಯಿತು. ಇಂದಿನ ಹುಡುಗರು ಹೆಜ್ಜೆ ಹಾಕಿದರೆ ‘ಅದು ಚಿಟ್ಟಾಣಿ ಶೈಲಿ’ ಅನ್ನುತ್ತಾರೆ. ಅವರು 2017ರಲ್ಲಿ ತೀರಿಕೊಂಡ ಮೇಲೂ ಆ ಮಾತು ನಡೆದೇ ಇದೆ. ನಮ್ಮ ಮೇಷ್ಟ್ರುಗಳಿಗೆಲ್ಲ ಇದ್ದ ಹೆಗಡೆ ಎಂಬ ಅಡ್ಡಹೆಸರು ಹಳಗನ್ನಡ ಶಾಸನಗಳಲ್ಲಿ ಪೆರ್ಗಡೆ, ಅಂದರೆ ದೊಡ್ಡ ಅಧಿಕಾರಿ. ಶಾನಭಾಗ ಸೇನಬೋವನಿಂದ ಬಂದದ್ದು, ಊರ ಲೆಕ್ಕ ಬರೆಯುವವನು. ಅಧಿಕಾರ ಹೋಯಿತು, ಲೆಕ್ಕದ ಪುಸ್ತಕವೂ ಹೋಯಿತು, ಹೆಸರು ಜಾತಿಯ ಗುರುತಾಗಿ ಉಳಿಯಿತು. ನಾಯಕ ಎಂದರೆ ಮುಂದಾಳು ಎಂಬುದು ನಿಘಂಟಿನ ಮಾತು. ನಮ್ಮ ಕರಾವಳಿಯಲ್ಲಿ ನಾಯಕನೋ ನಾಯ್ಕನೋ ಎಂದು ಒಂದು ಒತ್ತಕ್ಷರ ಹಿಡಿದು ಮನುಷ್ಯನನ್ನು ತೂಗುತ್ತಾರೆ. ನೀನು ಅದನ್ನು ಅನುಭವಿಸಿದವನು. ಪುಣೆಯವರ ನಗುವಿಗಿಂತ ನಮ್ಮೂರಿನ ಈ ತಕ್ಕಡಿಯೇ ನಿನ್ನನ್ನು ಹೆಚ್ಚು ನೋಯಿಸಿರಬೇಕು ಎಂದು ನನಗೆ ಅನಿಸುತ್ತದೆ.

ಇದಕ್ಕಾಗಿಯೇ ಹೆಸರು ಬದಲಿಸುವುದನ್ನು ನಾನು ತಪ್ಪು ಅನ್ನಲಾರೆ. ಹೆಸರಿನ ಮೂಲಕ ಮನುಷ್ಯರನ್ನು ಕೆಳಗೆ ಇಟ್ಟ ಊರು ನಮ್ಮದು. ಮನೆಯಲ್ಲಿ ಮಾಸ್ತಪ್ಪ ಎಂದು ಇಟ್ಟರೂ ಒಡೆಯರ ಅಂಗಳಕ್ಕೆ ಹೋದರೆ ಅಪ್ಪನೂ ಅಯ್ಯನೂ ಕಳಚಿ ಬೀಳಬೇಕು. ತಿಮ್ಮಪ್ಪ ತಿಮ್ಮ ಆಗಬೇಕು, ಈರಪ್ಪ ಈರ ಆಗಬೇಕು. ಮೇಲಿನ ಮನೆಯ ಮಗುವಿಗೂ ಅದೇ ತಿಮ್ಮಪ್ಪನ ಹೆಸರೇ, ಆದರೆ ಅವನು ಹುಟ್ಟಿದ ದಿನದಿಂದ ತಿಮ್ಮಪ್ಪಯ್ಯ. ನಿನ್ನ ಅಜ್ಜನನ್ನು ಏನೆಂದು ಕರೆಯುತ್ತಿದ್ದರು ಎಂದು ನೀನೇ ಒಮ್ಮೆ ಹೇಳಿದ್ದೆ, ಅದನ್ನು ಇಲ್ಲಿ ಬರೆಯುವುದಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು. ಗೇಣಿದಾರರು 7ನೇ ನಮೂನೆಯ ಅರ್ಜಿ ತುಂಬಿಸಲು ತಾಲೂಕು ಕಚೇರಿಯ ಮುಂದೆ ನಿಂತರು. ಆ ಅರ್ಜಿಯಲ್ಲಿ, ಆಮೇಲೆ ಪಹಣಿಯಲ್ಲಿ, ತಂದೆಯ ಹೆಸರಿನ ಸಮೇತ, ಅಪ್ಪ ಅಯ್ಯಗಳ ಸಮೇತ ಪೂರ್ತಿ ಹೆಸರು ಬರೆಯಲೇಬೇಕಾಯಿತು. ಉಳುವವನೇ ಹೊಲದೊಡೆಯ ಎಂಬುದನ್ನು ನಾವು ಜಮೀನಿನ ಮಾತು ಎಂದುಕೊಂಡಿದ್ದೇವೆ. ನನ್ನ ಕಣ್ಣಿಗೆ ಅದು ಹೆಸರಿನ ಮಾತೂ ಹೌದು. ನಮ್ಮ ಸುತ್ತಿನ ಎಷ್ಟೋ ಮನೆಗಳ ಹಿರಿಯರ ಹೆಸರನ್ನು ಸರ್ಕಾರದ ಕಾಗದದಲ್ಲಿ ಪೂರ್ತಿಯಾಗಿ, ಮಾನ ಕೊಟ್ಟು ಬರೆದದ್ದು ಆವಾಗ. ಆಮೇಲಿನ ತಲೆಮಾರು ಮಕ್ಕಳಿಗೆ ರಮೇಶ, ಸುರೇಶ, ಮಹೇಶ ಎಂದು ಇಟ್ಟಿತು. ಒಡೆಯರ ಮನೆಯ ಮಗುವಿಗೂ ನಮ್ಮ ಮಗುವಿಗೂ ಒಂದೇ ಹೆಸರು, ಕರೆದರೆ ಇಬ್ಬರೂ ತಿರುಗಬೇಕು ಎಂಬ ಆಸೆ. ಆ ಆಸೆಯನ್ನು ಫ್ಯಾಷನ್ ಎಂದು ತಳ್ಳಿಹಾಕುವವರ ಜೊತೆ ನಾನು ನಿಲ್ಲುವುದಿಲ್ಲ.

ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಜನರ ವಿಚಾರವನ್ನೂ ನೀನು ಯೋಚಿಸಬೇಕು. ಆಫ್ರಿಕಾದಿಂದ ಬಂದವರ, ಎಷ್ಟೋ ಜನ ಗುಲಾಮರಾಗಿ ಮಾರಾಟವಾದವರ ಮಕ್ಕಳು ಮೊಮ್ಮಕ್ಕಳು ಅವರು. ಸಿದ್ದಿ ಎಂಬ ಮಾತಿನ ಮೂಲ ಅರಬ್ಬಿಯ ‘ಸಯ್ಯಿದಿ’, ನನ್ನ ಒಡೆಯ ಎಂದು ಅರ್ಥ ಎನ್ನುತ್ತಾರೆ. ಒಂದು ಕಾಲಕ್ಕೆ ದಂಡನಾಯಕರಿಗೆ ಸಂದ ಗೌರವದ ಮಾತು. ಅದೇ ಮಾತು ನಮ್ಮ ಘಟ್ಟದ ಪೇಟೆಗಳಲ್ಲಿ ಬೈಗುಳದ ಹಾಗೆ ಬಳಕೆಯಾದದ್ದನ್ನು ನಾನೇ ಕೇಳಿದ್ದೇನೆ. ಅವರು ಹೆಸರನ್ನು ಮುಚ್ಚಿಡಲಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ಮೂರು ಧರ್ಮಗಳಲ್ಲಿದ್ದರೂ ಸಿದ್ದಿ ಎಂಬುದನ್ನೇ ಹಿಡಿದು ಒಟ್ಟಾದರು. 2003ರಲ್ಲಿ ಆ ಹೆಸರಿಗೇ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಒಡೆಯ ಎಂಬಲ್ಲಿಂದ ಹೊರಟು, ಅವಮಾನವನ್ನು ದಾಟಿ, ಮತ್ತೆ ತಲೆಯೆತ್ತಿ ಹೇಳಿಕೊಳ್ಳುವ ಅಡ್ಡಹೆಸರಾದ ಮಾತು ಅದು. ಯಾರೂ ಅದನ್ನು ಗೆಜೆಟ್ಟಿನಲ್ಲಿ ತಿದ್ದಿಸಲಿಲ್ಲ.

ನನ್ನ ಹೆಸರಿನ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆದರು. ಸುಧಾ. ಒಳ್ಳೆಯ ಹೆಸರು, ಅಮೃತ ಎಂದರ್ಥ. ನನ್ನನ್ನು ಯಾರೂ ಕೇಳಲಿಲ್ಲ. ಭಾಗೀರಥಿ ಎಂಬುದು ನನ್ನ ಅಜ್ಜಿಯ ಹೆಸರು, ನನಗೆ ಅದರಲ್ಲಿ ಗಂಗೆಯೂ ಇರಲಿಲ್ಲ, ಭಗೀರಥನೂ ಇರಲಿಲ್ಲ, ಅಜ್ಜಿ ಇದ್ದಳು. ರೇಷನ್ ಕಾರ್ಡಿನಲ್ಲಿ ಸುಧಾ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಭಾಗೀರಥಿ, ಬ್ಯಾಂಕಿನಲ್ಲಿ ಇವಳೇ ಅವಳು ಎಂಬ ಪ್ರಮಾಣಪತ್ರ. ಗಂಡನ ಮನೆಯವರು ಪ್ರೀತಿಯಿಂದಲೇ ಸುಧಾ ಎಂದು ಕರೆದರು, ಆ ಪ್ರೀತಿ ಸೇರಿ ಸೇರಿ ಅದೂ ನನ್ನದಾಯಿತು. ಆದರೂ ನನ್ನ ಮಗಳ ಮದುವೆ ಗೊತ್ತಾದಾಗ ಬೀಗರ ಮುಂದೆ ನಾನು ಇಟ್ಟ ಮಾತು ಒಂದೇ: ಅಕ್ಕಿಯ ಮೇಲೆ ಬರೆಯುವುದಾದರೆ ಅವಳ ಹೆಸರನ್ನೇ ಬರೆಯಿರಿ. ಅವರು ಒಪ್ಪಿದರು.

ಮನುಷ್ಯರ ಹೆಸರನ್ನು ಬಿಡು, ಊರಿನ ಹೆಸರುಗಳೂ ಹೀಗೆಯೇ ಅಲ್ಲವಾ? ಗೇರುಸೊಪ್ಪೆ ಅಂದರೆ ನಮಗೆ ಗೇರುಬೀಜ, ಗೇರುಹಣ್ಣು. ಆದರೆ ಗೋಡಂಬಿಯ ಗಿಡ ಬ್ರೆಜಿಲಿನದು, ಪೋರ್ಚುಗೀಸರು 16ನೇ ಶತಮಾನದಲ್ಲಿ ತಂದದ್ದು. ಊರು ಅದಕ್ಕಿಂತ ಹಳೆಯದು. ಹಳೆಯ ಬರಹಗಳಲ್ಲಿ ಅದನ್ನು ಸಂಸ್ಕೃತದಲ್ಲಿ ಭಲ್ಲಾತಕೀಪುರ ಎಂದಿದ್ದಾರೆ. ಭಲ್ಲಾತಕ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು. ಹೊಸ ಗಿಡ ಬಂದು ಹಳೆಯ ಗಿಡದ ಹೆಸರನ್ನು ತೆಗೆದುಕೊಂಡಿತು, ಊರಿನ ಹೆಸರಿನೊಳಗಿನ ಅರ್ಥ ಯಾರಿಗೂ ತಿಳಿಯದಂತೆ ಬದಲಾಯಿತು. ಕದಂಬ ಎಂದರೆ ಮರ, ಆಮೇಲೆ ಮಯೂರಶರ್ಮನ ಬನವಾಸಿಯ ಮನೆತನ. ಈಗ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಕದಂಬ ಎಂದರೆ ಗೋವಾದ ಬಸ್ಸು, ಅರ್ಗಾ ಕಡೆ ಹೋದರೆ ನೌಕಾನೆಲೆ. ಆ ನೆಲೆಯ ಯೋಜನೆಗೆ ಇಟ್ಟ ಸೀಬರ್ಡ್ ಎಂಬ ಹೆಸರು ಕೇಳಿದಾಗ ಕಡಲಹಕ್ಕಿಯನ್ನು ಯಾರೂ ನೆನೆಯುವುದಿಲ್ಲ, ಹೋದ ಮನೆ ಗದ್ದೆಗಳನ್ನು ನೆನೆಯುತ್ತಾರೆ. ಕೈಗಾ ಒಂದು ಹಳ್ಳಿಯಾಗಿತ್ತು, ಈಗ ಅಣುಸ್ಥಾವರ. ಸೂಪಾ ಎಂಬ ಪೇಟೆ ಕಾಳಿಯ ನೀರಿನಡಿ ಹೋಯಿತು, ಅದನ್ನು ಮುಳುಗಿಸಿದ ಅಣೆಕಟ್ಟಿಗೆ ಅದರದೇ ಹೆಸರು. ಅಲ್ಲಿಂದ ಎದ್ದುಬಂದ ಹಿರಿಯರು ‘ಸೂಪಾ’ ಎಂದಾಗ ಅವರ ಬಾಯಲ್ಲಿ ಅದು ಇನ್ನೂ ರಸ್ತೆ, ಸಂತೆ, ದೇವಸ್ಥಾನಗಳಿರುವ ಊರು.

ಇಷ್ಟೆಲ್ಲ ಹೇಳಿದ್ದು ನಿನ್ನನ್ನು ತಡೆಯಲಿಕ್ಕೆ ಅಲ್ಲ. ಹೆಸರು ನಿನ್ನದು, ಹೊತ್ತವನು ನೀನು. ಮಹೇಶ ಎಂದು ಕರೆಸಿಕೊಳ್ಳಬೇಕೆಂಬ ಆಸೆ ನಿನ್ನ ಒಳಗಿನಿಂದಲೇ ಬಂದಿದ್ದರೆ ಇಟ್ಟುಕೋ. ಇಲ್ಲಿಯ ಶಾಲೆಯ ದಾಖಲೆ, ಜನನ ನೋಂದಣಿಯ ಪ್ರತಿ ಏನು ಬೇಕಾದರೂ ನಾನು ಓಡಾಡಿ ತೆಗೆಸಿ ಕಳಿಸುತ್ತೇನೆ, ಅದರಲ್ಲಿ ಅನುಮಾನ ಬೇಡ. ಬೇರೆಯವರು ನಕ್ಕರು ಎಂಬುದಷ್ಟೇ ಕಾರಣವಾದರೆ ಮಾತ್ರ ಸ್ವಲ್ಪ ತಾಳು. ಅವರು ನಗುತ್ತಿರುವುದು ನಿನ್ನ ಹೆಸರಿಗಲ್ಲ, ಇಂಗ್ಲಿಷಿನಲ್ಲಿ ಬಿದ್ದುಹೋದ ಒಂದು ದೀರ್ಘಕ್ಕೆ. ಆ ನಗುವಿಗೆ ನಿನ್ನ ಆಯಿಯ ಹರಕೆಯನ್ನು ಕೊಡಬೇಡ. ಬರವಣಿಗೆಯನ್ನಷ್ಟೇ ತಿದ್ದಿಸಿ, ಮೊದಲಲ್ಲಿ ಇನ್ನೊಂದು ‘ಎ’ ಸೇರಿಸಲೂ ದಾರಿಯಿದೆ, ವಕೀಲರನ್ನು ಕೇಳಿ ನೋಡು. ಅಫಿಡವಿಟ್ ಹೇಗೂ ಸಿದ್ಧವಾಗಿದೆ ಅಂದೆಯಲ್ಲ, ಹೆಸರಿನ ಜಾಗದಲ್ಲಿ ಮಾತ್ರ ಬದಲಾವಣೆ ಸಾಕು.

ಮಗನಿಗೆ ಉತ್ತರ ಕೊಡಲು ನನ್ನ ಈ ಪತ್ರ ಸಾಲದು. ನಿನಗೆ ಯಾಕೆ ಈ ಹೆಸರು ಇಟ್ಟರು, ನಿನ್ನ ಆಯಿ ಯಾವ ಮಾಸ್ತಿಗೆ ಏನೆಂದು ಹೇಳಿಕೊಂಡಿದ್ದಳು, ನಿನಗಿಂತ ಮೊದಲು ಆ ಮನೆಯಲ್ಲಿ ಏನಾಗಿತ್ತು ಎಂದು ಬಲ್ಲವರು ಈಗ ಒಬ್ಬರೇ ಉಳಿದಿದ್ದಾರೆ, ನಿನ್ನ ದೊಡ್ಡಾಯಿ. ಮೊನ್ನೆ ಬಸ್ತಿ ಪೇಟೆಯಲ್ಲಿ ಅವರ ಸೊಸೆ ಸಿಕ್ಕಿದ್ದಳು. ದೊಡ್ಡಾಯಿಗೆ ಕಿವಿ ಮಂದವಾಗಿದೆ, ನೆನಪು ಮಾತ್ರ ಚೊಕ್ಕ ಇದೆ ಎಂದಳು. ಫೋನಿನಲ್ಲಿ ಕೇಳಿಸುವುದಿಲ್ಲವಂತೆ, ಎದುರು ಕೂತೇ ಮಾತಾಡಬೇಕು. ಮಗ ಹೊರಡುವ ಮೊದಲು ಅವನನ್ನು ಕರೆದುಕೊಂಡು ಬಾ. ಬರುವ ದಿನ ತಿಳಿಸಿದರೆ ನಾನೂ ಕುಮಟೆಯಿಂದ ಬಸ್ಸು ಹತ್ತಿ ಬರುತ್ತೇನೆ, ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನ್ನದು.

ನಿನ್ನ
ಭಾಗೀರಥಿ